ಮೇಲೆ ಕಲ್ಲಿನಂಥ ಐಸು, ಕೆಳಗೆ ಒಡೆದ ಹಾಲು

ಏಪ್ರಿಲ್ ಬಂತೆಂದರೆ ನಮ್ಮ ಬೀದಿಯಲ್ಲಿ ಫ್ರಿಜ್ಜಿನ ದೂರು ಶುರು. ಹಾಲು ಒಡೆಯಿತು, ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಹರಿಯಿತು, ಮೊಸರು ಬಾಯಿಗಿಡುವ ಹಾಗಿಲ್ಲ. ದಾವಣಗೆರೆಯ ಬಿಸಿಲಿಗೆ ಮನುಷ್ಯರೇ ಸುಸ್ತಾಗುವಾಗ ಫ್ರಿಜ್ ಪಾಡೇನು ಎಂದು ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಹಾಗೆ ಸುಮ್ಮನಾಗಬಾರದು. ಈ ವಾರ ಎದುರುಮನೆಯ ಫ್ರಿಜ್ಜಿನ ವಿಷಯ ಹೇಳುತ್ತೇನೆ. ಅಲ್ಲಿ ಹಾಲಿಗಿಂತ ದೊಡ್ಡದೊಂದು ಕೆಟ್ಟಿತ್ತು.

ಅದು ಡಬಲ್ ಡೋರಿನ ಫ್ರಾಸ್ಟ್ ಫ್ರೀ ಫ್ರಿಜ್, ಆರು ವರ್ಷ ಹಳೆಯದು. ಮೇಲಿನ ಫ್ರೀಜರಿನಲ್ಲಿ ಐಸು ಕಲ್ಲಿನ ಹಾಗೆ ಗಟ್ಟಿ. ಕೆಳಗೆ ನೀರಿನ ಬಾಟಲಿ ಕೂಡ ತಣ್ಣಗಿಲ್ಲ. ರಿಪೇರಿಯವನೊಬ್ಬ ಬಂದು, ಬಾಗಿಲು ತೆಗೆದು ಮುಚ್ಚಿ, "ಕಂಪ್ರೆಸರ್ ಹೋಗಿದೆ, ಬದಲಾಯಿಸಬೇಕು" ಎಂದು ಹೇಳಿ ಹೋಗಿದ್ದ. ಮನೆಯಲ್ಲಿ ಹೊಸ ಫ್ರಿಜ್ಜಿನ ಕಂತಿನ ಲೆಕ್ಕ ನಡೆದಿತ್ತು. "ಅಕ್ಕಾ, ನೀವೊಂದ್ಸಲ ನೋಡ್ರಿ" ಎಂದು ಆ ಮನೆಯ ಸೊಸೆ ಕರೆದಳು. ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಆದರೆ ಕಂಪ್ರೆಸರ್ ಸತ್ತಿದ್ದರೆ ಮೇಲಿನ ಐಸನ್ನು ಕಟ್ಟಿದವರು ಯಾರು? ಇದನ್ನು ಕೇಳುವುದಕ್ಕೆ ಮೆಕ್ಯಾನಿಕ್ ಆಗಬೇಕಿಲ್ಲ.

ಮಕ್ಕಳೇ, ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಇಂಜೆಕ್ಷನ್ ಕೊಡುವ ಮುಂಚೆ ನರ್ಸಮ್ಮ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದಲ್ಲ, ಆವಿಯಾಗುವ ದ್ರವ ಶಾಖವನ್ನು ಹೀರಿಕೊಳ್ಳುವುದರಿಂದ ಹಾಗಾಗುತ್ತದೆ. ಫ್ರಿಜ್ಜಿನ ಕೊಳವೆಯೊಳಗೂ ಇದೇ ಕೆಲಸ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಾಯಿಲಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಫ್ರಿಜ್ಜಿನ ಪಕ್ಕವನ್ನೋ ಹಿಂಬದಿಯನ್ನೋ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಫ್ರಾಸ್ಟ್ ಫ್ರೀ ಮಾದರಿಯಲ್ಲಿ ತಣ್ಣನೆಯ ಕಾಯಿಲ್ ಸಾಮಾನ್ಯವಾಗಿ ಫ್ರೀಜರಿನ ಹಿಂದಿನ ಹಲಗೆಯ ಆಚೆಗಿರುತ್ತದೆ. ಒಂದು ಫ್ಯಾನ್ ಅಲ್ಲಿಂದ ತಂಪುಗಾಳಿಯನ್ನು ಕೆಳಗಿನ ಖಾನೆಗೆ ತಳ್ಳುತ್ತದೆ. ಮೇಲೆ ತಂಪಿದ್ದು ಕೆಳಗೆ ಇಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ಗಾಳಿಯ ದಾರಿಯನ್ನು.

ಆ ಮನೆಯ ಏಳನೇ ಕ್ಲಾಸಿನ ಹುಡುಗ ನನ್ನ ಸಹಾಯಕ್ಕೆ ನಿಂತ. ಜ್ವರ ನೋಡುವ ಥರ್ಮಾಮೀಟರನ್ನು ಓಡಿಹೋಗಿ ತಂದ, ಪಾಪ. ಅದರ ಲೆಕ್ಕ ಶುರುವಾಗುವುದೇ 35 ಡಿಗ್ರಿಯ ಆಸುಪಾಸಿನಲ್ಲಿ, ಇಲ್ಲಿ ಉಪಯೋಗಕ್ಕಿಲ್ಲ. ನನ್ನ ಹಳೆಯ ಪ್ರಯೋಗಶಾಲೆಯ ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಅದ್ದಿ ರಾತ್ರಿಯೆಲ್ಲ ಮಧ್ಯದ ಖಾನೆಯಲ್ಲಿಟ್ಟೆವು. ಬಾಗಿಲು ತೆಗೆದ ಕೂಡಲೇ ಒಳಗಿನ ಗಾಳಿ ಬಿಸಿಯಾಗಿಬಿಡುತ್ತದೆ, ನೀರು ಅಷ್ಟು ಬೇಗ ಬದಲಾಗುವುದಿಲ್ಲ. ಬೆಳಿಗ್ಗೆ ನೋಡಿದರೆ 13 ಡಿಗ್ರಿ ಸೆಲ್ಸಿಯಸ್! ಇರಬೇಕಾದದ್ದು 4, ಹೆಚ್ಚೆಂದರೆ 5. ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ.

ಬಾಗಿಲ ರಬ್ಬರಿನ ನಡುವೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆಸಿದೆ. ಬಿಗಿಯಾಗಿ ಬಂತು, ಅಲ್ಲಿ ತೊಂದರೆಯಿಲ್ಲ. ಕೆಳಗಿನ ಖಾನೆಯ ಹಿಂಬದಿಯಲ್ಲಿ ಗಾಳಿ ಬರುವ ಸಂದಿಗೆ ಹಿಟ್ಟಿನ ಪಾತ್ರೆ ಅಡ್ಡ ಕೂತಿತ್ತು. ಸರಿಸಿದೆವು, ಆದರೂ ಅಲ್ಲಿ ಕೈಯಿಟ್ಟರೆ ಗಾಳಿಯ ಸುಳಿವಿಲ್ಲ. ಆಮೇಲೆ ಫ್ರೀಜರ್ ತೆಗೆದೆ. ಹಿಂದಿನ ಹಲಗೆಯ ಮೇಲೆ ಹತ್ತಿಯ ಹಾಗೆ ಹಿಮ. ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದಾಗ ಫ್ಯಾನ್ ಕರಕರ ಎಂದು ಹಿಮಕ್ಕೆ ಉಜ್ಜುವ ಸದ್ದು.

ಹಿಮದ ಪಕ್ಕದಲ್ಲೇ, ಐಸಿನ ತಟ್ಟೆಯ ಮೇಲೆ, ಅಜ್ಜಿಯ ಇನ್ಸುಲಿನ್ ಬಾಟಲಿಗಳು.

"ಕೆಳಗೆ ತಂಪಿಲ್ಲಲ್ರೀ ಅಕ್ಕಾ, ಕೆಡಬಾರದು ಅಂತ ಮೇಲಿಟ್ಟೆ" ಎಂದಳು ಸೊಸೆ. ಎರಡು ಬಾಟಲಿ ಗಟ್ಟಿಯಾಗಿದ್ದವು. ಮೂರನೆಯದನ್ನು ದಿನಾ ಬೆಳಿಗ್ಗೆ ಅಂಗೈಯಲ್ಲಿ ಕರಗಿಸಿ ಚುಚ್ಚುತ್ತಿದ್ದರು. ಒಂದು ವಾರದಿಂದ ಅಜ್ಜಿಯ ಸಕ್ಕರೆ ಇಳಿದಿರಲಿಲ್ಲ. ಕದ್ದು ಮಾವಿನ ಹಣ್ಣು ತಿನ್ನುತ್ತಾರೆಂದು ಮನೆಯವರೆಲ್ಲ ಸೇರಿ ಬೈದದ್ದೂ ಆಗಿತ್ತು. "ಈ ವರ್ಷ ಒಂದು ಹೋಳು ಬಾಯಿಗೆ ಬಿದ್ದಿಲ್ಲ, ಯಾರ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ" ಎಂದು ಅಜ್ಜಿ ಮೂಲೆಯಿಂದ ಗೊಣಗಿದರು.

ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯೊಳಗೆ. ಅದು ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ನಂಬುವ ಹಾಗಿಲ್ಲ. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿಸಿದೆ. ಮೂರನ್ನೂ ಎಸೆದು ಅವತ್ತೇ ಹೊಸದು ತರಲು ಹೇಳಿದರು. ಹೊಸ ಬಾಟಲಿ ನಮ್ಮ ಮನೆಯ ಫ್ರಿಜ್ಜಿನ ಮಧ್ಯದ ಖಾನೆಗೆ ಬಂತು. ನಾಲ್ಕೈದು ದಿನಕ್ಕೆ ಅಜ್ಜಿಯ ಸಕ್ಕರೆ ಹಳೆಯ ಮಟ್ಟಕ್ಕೆ ಬಂತು, ಮಾವಿನ ಆರೋಪವೂ ಬಿತ್ತು. ಸೊಸೆಯನ್ನು ನಾನು ದೂರಲಾರೆ. ಬಾಟಲಿಯ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರವನ್ನು ಯಾರು ಓದುತ್ತಾರೆ?

ಇನ್ನು ಫ್ರಿಜ್. ಫ್ರಾಸ್ಟ್ ಫ್ರೀ ಎಂದರೆ ಹಿಮ ಕಟ್ಟುವುದೇ ಇಲ್ಲವೆಂದಲ್ಲ. ಕಟ್ಟಿದ ಹಿಮವನ್ನು ಕಾಯಿಲಿನ ಬಳಿಯ ಸಣ್ಣ ಹೀಟರ್ ಆಗಾಗ ಕರಗಿಸುತ್ತದೆ. ಆ ಹೀಟರ್ ಕೆಲಸ ನಿಲ್ಲಿಸಿದರೆ ಹಿಮ ಬೆಳೆದು ಗಾಳಿಯನ್ನು ಕಟ್ಟಿಹಾಕುತ್ತದೆ. ಪ್ಲಗ್ ಕಿತ್ತು, ಖಾಲಿ ಮಾಡಿ, ಎರಡೂ ಬಾಗಿಲು ತೆರೆದು, ಕೆಳಗೆ ಹಳೆ ಟವೆಲ್ ಹಾಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಹುಡುಗ ಚಾಕು ಹಿಡಿದು ಬಂದಿದ್ದ, ಕಸಿದುಕೊಂಡೆ. ಕೊಳವೆಗೆ ತೂತು ಬಿದ್ದರೆ ಗ್ಯಾಸ್ ಪೂರಾ ಹೋಗುತ್ತದೆ, ಈಗಿನ ಅನೇಕ ಫ್ರಿಜ್‌ಗಳಲ್ಲಿರುವುದು ಬೆಂಕಿ ಹೊತ್ತುವ ಐಸೊಬ್ಯುಟೇನ್.

ಮತ್ತೆ ಹಾಕಿದ ಮಾರನೆಯ ದಿನ ಲೋಟದ ನೀರು 4 ಡಿಗ್ರಿ. ಹುಡುಗ ಕುಣಿದಾಡಿದ. ಕ್ಯಾಲೆಂಡರಿನಲ್ಲಿ ಗುರುತು ಹಾಕು ಎಂದೆ. ಒಂಬತ್ತನೆಯ ದಿನ ಹಿಟ್ಟು ಮತ್ತೆ ಉಕ್ಕಿತು. ನನಗೆ ಬೇಕಿದ್ದ ಸಾಕ್ಷಿ ಅದೇ: ಕಂಪ್ರೆಸರ್ ಗಟ್ಟಿಯಾಗಿದೆ, ಹಿಮ ಕರಗಿಸುವ ಏರ್ಪಾಡು ಕೆಟ್ಟಿದೆ. ಇಷ್ಟನ್ನೂ ಚೀಟಿಯಲ್ಲಿ ಬರೆದು ಬೇರೊಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟರು. ಆತ ಹೀಟರಿನ ಜೊತೆಗಿರುವ ಸಣ್ಣ ಫ್ಯೂಸ್ ಬದಲಾಯಿಸಿ ಹೋದ. ಕಂತಿನ ಮಾತು ಅಲ್ಲಿಗೆ ನಿಂತಿತು.

ನಿಮ್ಮ ಮನೆಯ ಲಕ್ಷಣ ಬೇರೆಯಿರಬಹುದು. ಸಿಂಗಲ್ ಡೋರಾದರೆ ಫ್ರೀಜರ್ ಸುತ್ತ ಐಸು ದಪ್ಪಗಾಗುವುದಕ್ಕೆ ಮುಂಚೆಯೇ ಡೀಫ್ರಾಸ್ಟ್ ಗುಂಡಿ ಒತ್ತಿ. ಮೇಲೂ ಕೆಳಗೂ ಬೆಚ್ಚಗಿದ್ದು, ಆಗಾಗ ಟಕ್ ಎಂದು ಸದ್ದಾಗಿ ನಿಂತುಹೋಗುತ್ತಿದ್ದರೆ ವೋಲ್ಟೇಜ್ ಕಡಿಮೆಯಿರಬಹುದು, ಇಲ್ಲವೇ ರಿಲೇ ಕೆಟ್ಟಿರಬಹುದು. ಬಿಡುವಿಲ್ಲದೆ ಓಡುತ್ತಿದ್ದೂ ತಂಪಾಗದಿದ್ದರೆ ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಸರಿಸಿ, ಪ್ಲಗ್ ಕಿತ್ತು ಹಿಂದಿನ ಕಾಯಿಲಿನ ಧೂಳು ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಸೋರಿರಬಹುದು. ಸೋರುವ ಜಾಗ ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಿಸುವವನಿಗೆ ಮಾತ್ರ ದುಡ್ಡು ಕೊಡಬೇಡಿ.

ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಕೆಳಗಿನ ಖಾನೆ ಸುಮಾರು ನಾಲ್ಕು ಗಂಟೆ ತಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ತಂಪು ಇದೆಯಾ ಎಂದು ತೆಗೆದು ನೋಡುವ ಮಕ್ಕಳಿರುವ ಮನೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ.