ಮನಾಲಿಯಲ್ಲಿ ನಾಳೆ ಹಿಮ: ಮುನ್ಸೂಚನೆ ಇದೆ, ಕೆಲಸ ನಿಲ್ಲಿಸುವ ಹಕ್ಕು ಯಾರಿಗಿದೆ?

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಎಷ್ಟೋ ಫೋನುಗಳ ಹವಾಮಾನ ಆ್ಯಪ್‌ನಲ್ಲಿ ಇನ್ನೊಂದು ಊರು ಸೇರಿಕೊಳ್ಳುತ್ತದೆ: ಮನಾಲಿ. ರಜೆ ಹಾಕಿ ಆಗಿದೆ, ಟಿಕೆಟ್ ಬುಕ್ ಆಗಿದೆ. ಇನ್ನು ಹಿಮ ಬೀಳೋದೊಂದೇ ಬಾಕಿ. ಆ್ಯಪ್‌ನಲ್ಲಿ ಹಿಮದ ಹರಳಿನ ಚಿತ್ರ ಕಂಡ ಕೂಡಲೇ ಅದರ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗ್ರೂಪಿಗೆ ಬೀಳುತ್ತದೆ.

ಅದೇ ಚಿತ್ರವನ್ನು ಅಲ್ಲಿನವರು ನೋಡೋದು ಬೇರೆ ಕಣ್ಣಿನಿಂದ. ಸೇಬು ಬೆಳೆಯುವವರಿಗೆ ಹಿಮ ಅಂದರೆ ಬಿಳಿ ಗೊಬ್ಬರ. ನಿಧಾನವಾಗಿ ಕರಗಿ ನೆಲಕ್ಕೆ ತೇವ ಕೊಡುತ್ತದೆ, ಗಿಡಕ್ಕೆ ಬೇಕಾದ ಚಳಿಯ ತಾಸುಗಳನ್ನು ತುಂಬಿಕೊಡುತ್ತದೆ. ಟ್ಯಾಕ್ಸಿ ಓಡಿಸುವವರಿಗೆ ಅದು ವರ್ಷದ ದುಡಿಮೆಯ ದಿನವೂ ಹೌದು, ಜೀವದ ಮೇಲೆ ಬರುವ ದಿನವೂ ಹೌದು. ಮಂಜು ಸರಿಸಿ ರಸ್ತೆ ತೆರೆದಿಡುವ ಕಾರ್ಮಿಕರಿಗೆ ಅದು ಆ ದಿನದ ಡ್ಯೂಟಿ.

2011ರ ಜನಗಣತಿಯಲ್ಲಿ ಮನಾಲಿ ಪಟ್ಟಣದ ಜನಸಂಖ್ಯೆ 8,096. ನಮ್ಮಲ್ಲಿನ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು. ಇಷ್ಟು ಸಣ್ಣ ಊರಿನ ಹವಾಮಾನವನ್ನು ಇಡೀ ದೇಶ ಇಣುಕಿ ನೋಡುತ್ತದೆ. ಮುನ್ಸೂಚನೆ ಸರಿಯಾಗಿತ್ತಾ ಅಂತ ಕೇಳುವವರು ಬೇಕಾದಷ್ಟಿದ್ದಾರೆ. ಅದು ಸರಿಯಾಗಿದ್ದಾಗ ಯಾರು ಏನು ಮಾಡಿದರು ಅಂತ ಕೇಳುವವರು ಕಡಿಮೆ.

ಆ್ಯಪ್ ಹೇಳದ ಸಾವಿರ ಮೀಟರ್

ಹಿಮಾಲಯದ ಚಳಿಗಾಲದ ಹಿಮಕ್ಕೆ ಮುಖ್ಯ ಕಾರಣ ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆ ಹುಟ್ಟುವ ವಾಯುಭಾರ ಕುಸಿತಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ನಮ್ಮ ಬೆಟ್ಟಗಳಿಗೆ ಬಡಿಯುತ್ತವೆ. ದೂರದಿಂದ ಬರುವುದರಿಂದ ಉಪಗ್ರಹಗಳ ಕಣ್ಣಿಗೆ ಮೊದಲೇ ಬೀಳುತ್ತವೆ. ಹಾಗಾಗಿ ಹಿಮಾಚಲಕ್ಕೆ ಈ ವಾರ ಹಿಮ ಇದೆಯಾ ಅನ್ನೋದನ್ನು ಹವಾಮಾನ ಇಲಾಖೆ ಕೆಲವು ದಿನ ಮುಂಚೆಯೇ ಹೇಳಬಲ್ಲದು. ಕಷ್ಟ ಇರೋದು ಯಾವ ತಿರುವಿನಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಗಂಟೆಗೆ ಅನ್ನೋದರಲ್ಲಿ.

ಮನಾಲಿ ಇರೋದು ಸುಮಾರು 2,050 ಮೀಟರ್ ಎತ್ತರದಲ್ಲಿ, ಬಿಯಾಸ್ ನದಿಯ ಕಣಿವೆಯಲ್ಲಿ. ಪ್ರವಾಸಿಗರು ಓಡೋದು ಅಟಲ್ ಸುರಂಗದ ಕಡೆಗೆ. ಅದರ ದಕ್ಷಿಣದ ಬಾಯಿ ಊರಿನಿಂದ 25 ಕಿ.ಮೀ. ದೂರ, ಎತ್ತರ ಸುಮಾರು 3,060 ಮೀಟರ್. ಸಾಮಾನ್ಯವಾಗಿ ಸಾವಿರ ಮೀಟರ್ ಮೇಲಕ್ಕೆ ಹೋದರೆ ತಾಪಮಾನ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಪೇಟೆಯಲ್ಲಿ 4 ಡಿಗ್ರಿ ಇದ್ದು ಸೋನೆ ಮಳೆ ಹನಿಯುತ್ತಿರುವ ಹೊತ್ತಿನಲ್ಲೇ ಸುರಂಗದ ಬಾಯಲ್ಲಿ ಮೈನಸ್ 2 ಇರಬಹುದು, ರಸ್ತೆ ಗಾಜಿನಂತಾಗಿರಬಹುದು. ಫೋನಿನ ಆ್ಯಪ್ ತೋರಿಸೋದು ಒಂದೇ ಒಂದು ಸಂಖ್ಯೆ. ಅದನ್ನು ನಂಬಿ ಟೂರಿಸ್ಟ್ ಗಾಡಿ ಹತ್ತುತ್ತಾನೆ.

ತಂತ್ರಜ್ಞಾನ ಸುಧಾರಿಸಿಲ್ಲ ಅಂತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2,000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ಗೆ ಒಪ್ಪಿಗೆ ಕೊಟ್ಟಿತು. 2025ರ ಮೇನಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿ.ಮೀ. ಚೌಕದ ಲೆಕ್ಕದಲ್ಲಿ ಹವಾಮಾನ ಹೇಳುತ್ತದೆ. ಮೊದಲು ಇದು 12 ಕಿ.ಮೀ. ಇತ್ತು. ಹಿಮಾಚಲದ ಕುಫ್ರಿ, ಜೋತ್, ಮುರಾರಿ ದೇವಿಯಲ್ಲಿ ಡಾಪ್ಲರ್ ರಡಾರ್‌ಗಳಿವೆ. ಆದರೂ ಕಣಿವೆಯಲ್ಲಿ 6 ಕಿ.ಮೀ. ಒಳಗೇ ನದಿ, ತೋಟ, ಕಾಡು, ಹಿಮದ ಶಿಖರ ಎಲ್ಲ ಬರುತ್ತವೆ. ರಡಾರ್‌ನ ಕಿರಣಕ್ಕೆ ಬೆಟ್ಟವೇ ಅಡ್ಡ ನಿಲ್ಲುತ್ತದೆ. ಈ ಕೊರತೆಯನ್ನು ಇನ್ನಷ್ಟು ಯಂತ್ರ, ಇನ್ನಷ್ಟು ದುಡ್ಡು ಸ್ವಲ್ಪ ಸ್ವಲ್ಪವಾಗಿ ತುಂಬಬಹುದು. ಮುಂದೆ ಹೇಳುವ ಕೊರತೆಯನ್ನು ತುಂಬಲಾರವು.

ಹಿಮ ಕಡಿಮೆ, ನೂಕುನುಗ್ಗಲು ಹೆಚ್ಚು

ಈಚಿನ ವರ್ಷಗಳಲ್ಲಿ ಹಿಮ ತನ್ನ ಹೊತ್ತಿಗೆ ಬರುತ್ತಿಲ್ಲ. 2024ರ ಜನವರಿಯ ಮೊದಲರ್ಧದಲ್ಲಿ ಕಾಶ್ಮೀರದ ಗುಲ್‌ಮಾರ್ಗ್‌ನ ಇಳಿಜಾರುಗಳು ಬೋಳಾಗಿದ್ದವು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮುಂದೂಡಬೇಕಾಯಿತು. ಕಠ್ಮಂಡುವಿನ ಐಸಿಮೋಡ್ ಸಂಸ್ಥೆಯ ವರದಿಯ ಪ್ರಕಾರ, 2024-25ರ ಚಳಿಗಾಲದಲ್ಲಿ ಹಿಂದೂಕುಷ್ ಹಿಮಾಲಯದ ಹಿಮದ ಹೊದಿಕೆ ಸಾಮಾನ್ಯಕ್ಕಿಂತ ಶೇ 23.6ರಷ್ಟು ಕಡಿಮೆ ನಿಂತಿತು. 23 ವರ್ಷಗಳಲ್ಲೇ ಅತಿ ಕಡಿಮೆ.

ಹಿಮ ಅಪರೂಪವಾದಷ್ಟೂ ಅದು ಬಿದ್ದ ದಿನಕ್ಕೆ ಬೆಲೆ ಏರುತ್ತದೆ. ವಾರಗಟ್ಟಲೆ ಖಾಲಿ ಇದ್ದ ಹೋಟೆಲ್ ಒಂದೇ ರಾತ್ರಿಗೆ ತುಂಬುತ್ತದೆ. 2024ರ ಡಿಸೆಂಬರ್ 23ರಂದು ಸೋಲಾಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಮಂಜಿನಲ್ಲಿ ಸಿಕ್ಕಿಬಿದ್ದವು. ಪೊಲೀಸರು ರಾತ್ರಿಯಿಡೀ ನಿಂತು ಜನರನ್ನು ಕೆಳಗಿಳಿಸಿದರು. ಪುಣ್ಯಕ್ಕೆ ದೊಡ್ಡ ಅನಾಹುತ ಆಗಲಿಲ್ಲ.

ಪಾಕಿಸ್ತಾನದ ಮರೀ ಎಂಬ ಗಿರಿಧಾಮಕ್ಕೆ ಆ ಪುಣ್ಯ ಇರಲಿಲ್ಲ. 2022ರ ಜನವರಿಯಲ್ಲಿ ಅಲ್ಲಿ ಹಿಮದಲ್ಲಿ ಹೂತುಹೋದ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಹವಾಮಾನ ಇಲಾಖೆ ಭಾರಿ ಹಿಮಪಾತದ ಎಚ್ಚರಿಕೆಯನ್ನು ಮೊದಲೇ ಕೊಟ್ಟಿತ್ತು. ಆದರೂ ಬೆಟ್ಟಕ್ಕೆ ಹತ್ತುವ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ತಡೆಯಲಿಲ್ಲ.

ಎಚ್ಚರಿಕೆ ಬಂದಿತ್ತು, ಕಂಟೇನರ್ ಅಲ್ಲೇ ಇತ್ತು

ಪ್ರವಾಸಿಗನಿಗೆ ವಾಪಸ್ ಹೋಗುವ ಆಯ್ಕೆಯಾದರೂ ಇರುತ್ತದೆ. ಆ ಆಯ್ಕೆಯೇ ಇಲ್ಲದವರ ಕತೆ ತಿಳಿಯಲು ಮನಾಲಿಯಿಂದ ಉತ್ತರಾಖಂಡದ ಚಮೋಲಿ ಜಿಲ್ಲೆಯ ಮಾಣಾಕ್ಕೆ ಹೋಗಬೇಕು. ಬದರೀನಾಥದ ಆಚೆ, ಸುಮಾರು 3,200 ಮೀಟರ್ ಎತ್ತರದ ಹಳ್ಳಿ ಅದು. ಚಳಿಗಾಲದಲ್ಲಿ ಊರವರು ಕೆಳಗಿನ ಊರುಗಳಿಗೆ ಇಳಿಯುತ್ತಾರೆ. ಉಳಿಯೋದು ಸೇನೆ, ಪೊಲೀಸರು ಮತ್ತು ರಸ್ತೆ ಕಾರ್ಮಿಕರು.

2025ರ ಫೆಬ್ರವರಿ 27ರ ಸಂಜೆ ಚಂಡೀಗಢದ ಡಿಜಿಆರ್‌ಇ, ಅಂದರೆ ಹಿಮಕುಸಿತದ ಮುನ್ಸೂಚನೆ ಕೊಡುವ ರಕ್ಷಣಾ ಸಂಶೋಧನಾ ಸಂಸ್ಥೆ, ಚಮೋಲಿಯೂ ಸೇರಿ ಉತ್ತರಾಖಂಡದ ಐದು ಜಿಲ್ಲೆಗಳಿಗೆ ಎಚ್ಚರಿಕೆ ಹೊರಡಿಸಿತು. 2,400 ಮೀಟರ್‌ಗಿಂತ ಮೇಲಿನ ಜಾಗಗಳಲ್ಲಿ ಮುಂದಿನ 24 ಗಂಟೆ ಹಿಮಕುಸಿತದ ಅಪಾಯ ಇದೆ ಅಂತ. ಮರುದಿನ ಬೆಳಿಗ್ಗೆಯೇ ಮಾಣಾದ ಬಳಿ ಹಿಮ ಕುಸಿದು, ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಬಿತ್ತು. ಲೋಹದ ಕಂಟೇನರ್‌ಗಳಲ್ಲಿ ಮಲಗಿದ್ದ 54 ಕಾರ್ಮಿಕರು ಸಿಲುಕಿದರು. 46 ಮಂದಿಯನ್ನು ಉಳಿಸಲಾಯಿತು. ಎಂಟು ಮಂದಿ ಸತ್ತರು. ಬಿಹಾರ, ಉತ್ತರ ಪ್ರದೇಶ, ಹಿಮಾಚಲ, ಪಂಜಾಬ್ ಹೀಗೆ ಬೇರೆ ಬೇರೆ ಕಡೆಯಿಂದ ಕೆಲಸಕ್ಕೆ ಬಂದ ತಂಡ ಅದು.

ಮುನ್ಸೂಚನೆಯ ದೃಷ್ಟಿಯಿಂದ ಇದಕ್ಕಿಂತ ನಿಖರವಾದದ್ದು ಇನ್ನೇನು ಬೇಕು? ಜಿಲ್ಲೆ ಸರಿ, ಎತ್ತರ ಸರಿ, ಹೊತ್ತೂ ಸರಿ. ಆದರೆ ಆ ಎಚ್ಚರಿಕೆ ಕಂಟೇನರನ್ನು ಒಂದಡಿಯೂ ಸರಿಸಲಿಲ್ಲ. ಅಂಥ ಇಳಿಜಾರಿನ ಕೆಳಗೆ ಶಿಬಿರ ಇರಬೇಕಾ ಅನ್ನೋದು ಚಳಿಗಾಲಕ್ಕೆ ಮೊದಲೇ ತೀರ್ಮಾನ ಆಗಬೇಕಿದ್ದ ವಿಷಯ. ಸಂಜೆ ಬಂದ ಎಚ್ಚರಿಕೆಗೆ ರಾತ್ರಿ ಆ ಹಿಮದಲ್ಲಿ ಕಾರ್ಮಿಕ ಎಲ್ಲಿಗೆ ಅಂತ ಹೋಗಬೇಕು?

ಕಾನೂನು ಏನು ಹೇಳುತ್ತದೆ? 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಜೀವಕ್ಕೆ ಅಪಾಯ ಅನಿಸಿದರೆ ಕಾರ್ಮಿಕ ಅದನ್ನು ಮಾಲೀಕರ ಮತ್ತು ಇನ್‌ಸ್ಪೆಕ್ಟರ್ ಅವರ ಗಮನಕ್ಕೆ ತರಬಹುದು ಅನ್ನುತ್ತದೆ ಅದರ 14ನೇ ಸೆಕ್ಷನ್. ಅಪಾಯ ಇದೆಯೋ ಇಲ್ಲವೋ ಅಂತ ಮಾಲೀಕರಿಗೆ ಮನವರಿಕೆ ಆಗಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 155ನೇ ಒಪ್ಪಂದ 1981ರಲ್ಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು: ಜೀವಾಪಾಯ ಕಂಡು ಕೆಲಸದ ಜಾಗ ಬಿಟ್ಟು ಹೋದವರಿಗೆ ಶಿಕ್ಷೆ ಆಗದಂತೆ ರಕ್ಷಣೆ ಕೊಡಬೇಕು. ‘ತಿಳಿಸಬಹುದು’ ಮತ್ತು ‘ಎದ್ದು ಹೋಗಬಹುದು’ ಇವೆರಡರ ನಡುವಿನ ಅಂತರದಲ್ಲೇ ಜೀವ ಹೋಗೋದು.

ಡಿ.ಸಿ. ರಜೆ ಕೊಟ್ಟರಾ?

ಇದೆಲ್ಲ ಹಿಮಾಲಯದ ಗೋಳು, ನಮಗೇನು ಅನ್ನುವ ಹಾಗಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಳೆ ಮಾಪಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ರೈತರು ಫೋನ್ ಮಾಡಿ ತಮ್ಮ ಊರಿನ ಹವಾಮಾನ ಕೇಳಬಹುದು. ಮಾಹಿತಿಯ ವಿಷಯದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಮುನ್ಸೂಚನೆಗೆ ಕೈಕಾಲು ಬರುವುದು ಹೇಗೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕರಾವಳಿಗೆ ರೆಡ್ ಅಲರ್ಟ್ ಬಂದ ರಾತ್ರಿ ಮಂಗಳೂರು, ಉಡುಪಿ, ಕಾರವಾರದ ಮಕ್ಕಳು ಕೇಳೋದು ಒಂದೇ: ‘ಡಿ.ಸಿ. ರಜೆ ಕೊಟ್ಟರಾ?’ ಇಲ್ಲಿ ಬಣ್ಣ ಒಂದು ಆದೇಶವಾಗುತ್ತದೆ. ಆದೇಶಕ್ಕೆ ಸಹಿ ಹಾಕುವವರು ಯಾರು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

ಆದರೆ ಆ ಆದೇಶ ಶಾಲೆಯ ಗೇಟಿಗೇ ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ತೆರೆದೇ ಇತ್ತು. ಆ ವಾರ ಕರಾವಳಿಗೆ ಭಾರಿ ಮಳೆಯ ಎಚ್ಚರಿಕೆ ಇತ್ತು. ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ ಹೋದರು. ಅಗೆದು ಕಡಿದಾಗಿಸಿದ ಗುಡ್ಡದ ಬುಡದಲ್ಲಿ ಆ ದಿನ ಗಾಡಿ ನಿಲ್ಲಬಾರದು ಅಂತ ಹೇಳುವ ಡಿ.ಸಿ. ಆದೇಶ ಇರಲಿಲ್ಲ. ಮಾಣಾದ ಹಿಮಕ್ಕೂ ಶಿರೂರಿನ ಮಣ್ಣಿಗೂ ಬಣ್ಣ ಬೇರೆ, ಲೆಕ್ಕ ಒಂದೇ.

ಕೆಂಪು ಅಂದರೆ ಯಾರ ಕ್ರಮ?

ಹವಾಮಾನ ಇಲಾಖೆಯ ಬಣ್ಣಗಳಲ್ಲಿ ಹಳದಿ ಅಂದರೆ ಗಮನಿಸಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ಕೈಗೊಳ್ಳಿ. ವ್ಯಾಕರಣದಲ್ಲಿ ಹೇಳೋದಾದರೆ ಈ ವಾಕ್ಯಕ್ಕೆ ಕ್ರಿಯಾಪದ ಇದೆ, ಕರ್ತೃಪದ ಇಲ್ಲ. ಆ ಕರ್ತೃಪದವನ್ನು ತುಂಬುವ ಕೆಲಸ ಸೂಪರ್ ಕಂಪ್ಯೂಟರ್‌ನದ್ದಲ್ಲ, ರಾಜಕೀಯದ್ದು.

ಇದಕ್ಕೆ ಬೇಕಾದದ್ದು ಪವಾಡವೇನಲ್ಲ. ಕಿತ್ತಳೆ ಬಣ್ಣ ಬಂದರೆ ಮನಾಲಿಯಿಂದ ಮೇಲಕ್ಕೆ ಎಷ್ಟು ಗಾಡಿ, ಎಷ್ಟು ಗಂಟೆಯೊಳಗೆ ಅನ್ನೋದು ಮೊದಲೇ ಬರೆದಿಟ್ಟ ನಿಯಮ ಆಗಿರಲಿ. ಕೆಂಪು ಬಂದರೆ ರಸ್ತೆ ಬಂದ್, ಅದಕ್ಕೆ ಹೋಟೆಲ್ ಲಾಬಿಯ ಫೋನ್ ಅಡ್ಡ ಬರಬಾರದು. ಆ ದಿನ ದುಡಿಮೆ ಕಳೆದುಕೊಳ್ಳುವ ಟ್ಯಾಕ್ಸಿಯವರಿಗೆ, ದಿನಗೂಲಿಯವರಿಗೆ ಪ್ರವಾಸಿ ಶುಲ್ಕದಿಂದಲೇ ಪರಿಹಾರ ಸಿಗಲಿ. ಇಲ್ಲದಿದ್ದರೆ ಬಡವರು ಎಚ್ಚರಿಕೆಯನ್ನು ಪಾಲಿಸೋದು ಉಪವಾಸದ ಬೆಲೆಗೆ. ಹಿಮಕುಸಿತದ ದಾರಿಯಲ್ಲಿ ಕಾರ್ಮಿಕರ ಶಿಬಿರ ಹಾಕಿದವರು ಅದಕ್ಕೆ ಉತ್ತರ ಕೊಡಬೇಕು. ಕೂಲಿ ಕಳೆದುಕೊಳ್ಳದೆ, ಕೆಲಸ ಕಳೆದುಕೊಳ್ಳದೆ ‘ಇವತ್ತು ಬೇಡ’ ಅನ್ನುವ ಹಕ್ಕು ಕಾನೂನಿನಲ್ಲಿ ಸ್ಪಷ್ಟವಾಗಿ ಇರಬೇಕು.

ಅಟಲ್ ಸುರಂಗ ತೆರೆದದ್ದು 2020ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ರೋಹ್ತಾಂಗ್ ಮುಚ್ಚಿತೆಂದರೆ ಲಾಹೌಲ್ ಕಣಿವೆಗೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. ರಸ್ತೆ ತೆರೆದದ್ದು ಒಳ್ಳೆಯದೇ, ಅಲ್ಲಿನ ರೋಗಿಗೆ, ಗರ್ಭಿಣಿಗೆ ಅದು ಜೀವದಾನ. ಆದರೆ ತೆರೆಯಲು ಕಲಿತ ಸರ್ಕಾರ ಹೊತ್ತಿಗೆ ಸರಿಯಾಗಿ ಮುಚ್ಚಲೂ ಕಲಿಯಬೇಕು.

ಮುಂದಿನ ಸಲ ಆ್ಯಪ್‌ನಲ್ಲಿ ಮನಾಲಿಯ ಹಿಮದ ಚಿತ್ರ ಕಂಡರೆ ಖುಷಿಪಡಿ, ತಪ್ಪೇನಿಲ್ಲ. ಜೊತೆಗೆ ಒಂದು ಮಾತು ನೆನಪಿರಲಿ. ನೀವು ಮೇಲೆ ಹತ್ತುವ ಮೊದಲು ಆ ರಸ್ತೆಯ ಮಂಜನ್ನು ಬೆಳಗಿನ ಜಾವಕ್ಕೇ ಯಾರೋ ಸರಿಸಿರುತ್ತಾರೆ. ಮುನ್ಸೂಚನೆ ಅವರಿಗೂ ಸಿಕ್ಕಿತ್ತು. ರಜೆ ಸಿಕ್ಕಿರಲಿಲ್ಲ.