ಔಟ್‌ಹೌಸನ್ನು ಮನೆಗೆ ಸೇರಿಸಲು ಪರ್ಮಿಷನ್ ಬೇಡವೇ? ಬಾಗಿಲಿಗೆ ಒಂದು ಉತ್ತರ, ಚಾವಣಿಗೆ ಇನ್ನೊಂದು

ಸೈಟು ನಮ್ಮದು, ಕಾಂಪೌಂಡ್ ನಮ್ಮದು, ಒಳಗಿನ ಗೋಡೆ ಒಡೆಯಲು ಯಾರ ಪರ್ಮಿಷನ್ನೂ ಬೇಡ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದಿರಬಹುದು, ಮೇಸ್ತ್ರಿಯೇ ಹೇಳಿರಬಹುದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಮುತ್ತ ಮನೆಯ ಹಿಂದೊಂದು ಔಟ್‌ಹೌಸ್ ಕಟ್ಟಿ, ಫ್ಯಾಕ್ಟರಿ ಅಥವಾ ಐಟಿ ಕಂಪನಿ ಕೆಲಸದವರಿಗೆ ಬಾಡಿಗೆಗೆ ಕೊಡುವುದು ಸಾಮಾನ್ಯ. ಮಗನ ಮದುವೆಯಾಯಿತು, ಅಪ್ಪ–ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದಾಗ ಅದನ್ನೇ ಮನೆಗೆ ಸೇರಿಸಿಕೊಳ್ಳುವ ಯೋಚನೆ ಬರುತ್ತದೆ. ಆಗ ಈ ಮಾತನ್ನು ನಂಬಬಹುದೇ?

ಎಷ್ಟು ನಿಜ?

ಅರ್ಧ ನಿಜ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪರವಾನಗಿ ಬೇಕಿಲ್ಲದ ಕೆಲಸಗಳ ಪಟ್ಟಿಯೇ ಇದೆ. ಬಣ್ಣ, ಗಾರೆ, ನೆಲಹಾಸು ಬದಲಾವಣೆ, ಕಿಟಕಿ–ಬಾಗಿಲು ತೆರೆಯುವುದು ಅಥವಾ ಮುಚ್ಚುವುದು, ಎರಡು ಭಾಗಗಳ ನಡುವೆ ಓಡಾಡಲು ಬಾಗಿಲು ಇಡುವುದು ಎಲ್ಲವೂ ಅದರಲ್ಲಿವೆ. ಆದರೆ ಒಂದು ಷರತ್ತಿದೆ: ಕಟ್ಟಡದ ಭದ್ರತೆಗೆ, ಬೆಂಕಿ ಮತ್ತು ಆರೋಗ್ಯ ಸುರಕ್ಷತೆಯ ನಿಯಮಗಳಿಗೆ ಧಕ್ಕೆ ಬರಬಾರದು. ಜೊತೆಗೆ ಇದು ಮಾದರಿ ಸಂಹಿತೆ ಮಾತ್ರ. ನಿಮಗೆ ಅನ್ವಯವಾಗುವುದು ನಿಮ್ಮ ಸ್ಥಳೀಯ ಸಂಸ್ಥೆಯ ಉಪವಿಧಿ.

ಅಂದರೆ ಔಟ್‌ಹೌಸ್ ಮನೆಗೆ ಅಂಟಿಕೊಂಡೇ ಇದ್ದು, ಎರಡೂ ಮಂಜೂರಾದ ನಕ್ಷೆಯಲ್ಲಿದ್ದು, ನಡುವೆ ಒಂದು ಬಾಗಿಲಷ್ಟೇ ಬೇಕಿದ್ದರೆ ಸಮಸ್ಯೆ ಚಿಕ್ಕದು.

ಎಲ್ಲಿ ತಪ್ಪುತ್ತದೆ?

ಹಲವು ಕಡೆ ಮನೆಗೂ ಔಟ್‌ಹೌಸಿಗೂ ನಡುವೆ ಕೆಲವು ಅಡಿ ಓಣಿ ಇರುತ್ತದೆ. ಸೇರಿಸಬೇಕೆಂದರೆ ಅದರ ಮೇಲೆ ಚಾವಣಿ ಹಾಕಬೇಕು. ಅಲ್ಲಿಗೆ ಅದು ರಿಪೇರಿ ಅಲ್ಲ, ಹೊಸ ನಿರ್ಮಾಣ. ಕಟ್ಟಿದ ವಿಸ್ತೀರ್ಣ ಹೆಚ್ಚುತ್ತದೆ, ಸೆಟ್‌ಬ್ಯಾಕ್ ಎಂದು ಬಿಟ್ಟ ಜಾಗ ಕಡಿಮೆಯಾಗಬಹುದು. ಇದಕ್ಕೆ ಪರಿಷ್ಕೃತ ನಕ್ಷೆಯ ಮಂಜೂರಾತಿ ಬೇಕು.

ಈ ಖಾಲಿ ಜಾಗ ಕಾಗದದ ಲೆಕ್ಕಕ್ಕಷ್ಟೇ ಅಲ್ಲ. ಓಣಿ ಮುಚ್ಚಿದರೆ ಅಡುಗೆಮನೆಯ ಕಿಟಕಿ ಇನ್ನೊಂದು ಕೋಣೆಗೆ ತೆರೆದುಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಸಂಪು ಅಥವಾ ಒಳಚರಂಡಿ ಚೇಂಬರ್ ಆ ಓಣಿಯಲ್ಲಿದ್ದರೆ ಅದೂ ಮನೆಯೊಳಗೇ ಬಂದಂತೆ.

ಔಟ್‌ಹೌಸ್ ನಕ್ಷೆಯಲ್ಲೇ ಇಲ್ಲದಿದ್ದರೆ?

ಮುಖ್ಯ ಅಪಾಯ ಇಲ್ಲಿದೆ. ಮಹದೇವಪುರ, ದಾಸರಹಳ್ಳಿ ನಗರಸಭೆಗಳು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅದಕ್ಕೂ ಮೊದಲಿನ ಮನೆಗಳಲ್ಲಿ ನಂತರ ಸೇರಿಸಿದ ಕೋಣೆಗಳು ನಕ್ಷೆಯಲ್ಲಿ ಇಲ್ಲದಿರಬಹುದು. ಪ್ರತ್ಯೇಕವಾಗಿದ್ದಾಗ ದೋಷ ಔಟ್‌ಹೌಸಿನದಷ್ಟೇ. ಸೇರಿಸಿದರೆ ಅದು ಇಡೀ ಮನೆಯ ದೋಷವಾಗುತ್ತದೆ. ಮುಂದೆ ಮಾರುವಾಗ, ಬ್ಯಾಂಕ್ ಸಾಲ ಕೇಳುವಾಗ ಪ್ರಶ್ನೆ ಏಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಮೂರು ಸಮಾಧಾನಗಳನ್ನು ನೋಡೋಣ.

“ಅಕ್ರಮ–ಸಕ್ರಮದಲ್ಲಿ ಸರಿಯಾಗುತ್ತೆ”: ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಯೋಜನೆಯ ಗಡುವೂ 2013ರ ಅಕ್ಟೋಬರ್ 19ಕ್ಕೆ ಮೊದಲಿನ ಕಟ್ಟಡಗಳಿಗೆ ಸೀಮಿತವಾಗಿತ್ತು.

“ಕಂದಾಯ ಕಟ್ಟುತ್ತಿದ್ದೇವೆ, ಇ–ಖಾತೆ ಇದೆ”: ಎರಡೂ ಬೇಕು, ನಿಜ. ಆದರೆ ಅವು ಆಸ್ತಿಯ ಮತ್ತು ತೆರಿಗೆಯ ದಾಖಲೆ, ಕಟ್ಟಡದ ಒಪ್ಪಿಗೆಯಲ್ಲ.

“30×40 ಸೈಟಿಗೆ ವಿನಾಯಿತಿ ಇದೆ”: 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿದ್ದು ಸ್ವಾಧೀನಾನುಭವ ಪತ್ರಕ್ಕೆ, ಅಂದರೆ ಒಸಿಗೆ. ನಕ್ಷೆ ಮಂಜೂರಾತಿ ಬೇರೆ, ಒಸಿ ಬೇರೆ.

ಗೋಡೆ ಒಡೆಯುವ ಮುನ್ನ

ಪಿಲ್ಲರ್–ಬೀಮ್ ಮೇಲೆ ನಿಂತ ಮನೆಯಲ್ಲಿ ಗೋಡೆ ಬರೀ ಮರೆ. ಹಳೆಯ ಮನೆಗಳಲ್ಲಿ ಮಾತ್ರ ಗೋಡೆಯೇ ಚಾವಣಿಯ ಭಾರ ಹೊರುತ್ತಿರಬಹುದು. ಅಂಥ ಗೋಡೆಯಲ್ಲಿ ಲಿಂಟಲ್ ಇಲ್ಲದೆ ಬಾಗಿಲು ಕೊರೆದರೆ ಚಾವಣಿ ಕುಸಿಯುವ ಅಪಾಯವಿದೆ. ಗೋಡೆಯ ದಪ್ಪ ನೋಡಿ ಅಂದಾಜು ಮಾಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಎರಡು ಕಟ್ಟಡಗಳ ಪಾಯದ ಆಳವೂ ಬೇರೆ ಇರಬಹುದು. ಮಣ್ಣು ಎರಡರ ಕೆಳಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಾಗಾಗಿ ಗಟ್ಟಿಯಾಗಿ ಬೆಸೆದ ಕಡೆಯೇ ಬಿರುಕು ಬಿಟ್ಟು ಮಳೆನೀರು ಒಳಗೆ ಬರುತ್ತದೆ. ಅಲ್ಲಿ ಸರಿಯಾದ ಜಾಯಿಂಟ್ ಬಿಡುವುದು ಎಂಜಿನಿಯರ್ ತೀರ್ಮಾನಿಸಬೇಕಾದ ಕೆಲಸ.

ಸೇರಿಸಿದ ಮೇಲೆ

ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ವಸತಿ ಭಾಗದ ಆಸ್ತಿ ತೆರಿಗೆ ದರ ಸ್ವಂತ ವಾಸದ ಭಾಗದ ಎರಡರಷ್ಟು. ಬಾಡಿಗೆದಾರರು ಹೋಗಿ ನೀವೇ ಬಳಸಿದರೆ ತೆರಿಗೆ ವಿವರ ತಿದ್ದಿಸಿ, ಲಾಭ ನಿಮಗೇ. ಎರಡು ವಿದ್ಯುತ್ ಮೀಟರ್ ಇದ್ದರೆ ಬೆಸ್ಕಾಂನಲ್ಲಿ ಒಂದಾಗಿಸುವ ಬಗ್ಗೆ ವಿಚಾರಿಸಿ. ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್. ಎರಡು ಮನೆಯ ಬಳಕೆ ಒಂದೇ ಮೀಟರಿಗೆ ಬಂದರೆ ಮಿತಿ ದಾಟಬಹುದು.

ಎಲ್ಲಿ ಕೇಳಬೇಕು?

ಒಂದೇ ಬಡಾವಣೆಯ ಹೆಸರಿದ್ದರೂ ಕಚೇರಿ ಬೇರೆ ಇರಬಹುದು. ವೈಟ್‌ಫೀಲ್ಡ್ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶಕ್ಕೆ 2013ರಿಂದ ಎಲ್ಸಿಟಾ ಎಂಬ ಪ್ರತ್ಯೇಕ ಪ್ರಾಧಿಕಾರವಿದೆ, ಪಕ್ಕದ ಹೆಬ್ಬಗೋಡಿಗೆ ನಗರಸಭೆ. ತೆರಿಗೆ ರಸೀದಿಯಲ್ಲಿ ಯಾವ ಸಂಸ್ಥೆಯ ಹೆಸರಿದೆಯೋ ಮೊದಲು ಅಲ್ಲಿ ವಿಚಾರಿಸಿ. ಬಿಬಿಎಂಪಿ 2024ರಲ್ಲಿ ತಂದ ‘ನಂಬಿಕೆ ನಕ್ಷೆ’ ವ್ಯವಸ್ಥೆ 50×80 ಅಡಿವರೆಗಿನ ಸೈಟಿನ ಮನೆಗಳಿಗೆ ಆನ್‌ಲೈನ್‌ನಲ್ಲಿ, ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಮೂಲಕ ನಕ್ಷೆ ಪಡೆಯಲು ಮಾಡಿದ್ದು. ನಿಮ್ಮ ಕೆಲಸ ಅದರಲ್ಲಿ ಬರುತ್ತದೆಯೇ ಎಂದು ಅವರನ್ನೇ ಕೇಳಿ.

ಮುಂದಿನ ಬಾರಿ ಈ ಮಾತು ಗ್ರೂಪಿಗೆ ಬಂದರೆ ಮೂರು ಪ್ರಶ್ನೆ ಕೇಳಿ: ಔಟ್‌ಹೌಸ್ ನಕ್ಷೆಯಲ್ಲಿದೆಯೇ? ಖಾಲಿ ಜಾಗ ಮುಚ್ಚುತ್ತಿದ್ದೀರಾ? ಒಡೆಯುವ ಗೋಡೆ ಭಾರ ಹೊತ್ತಿದೆಯೇ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಸುತ್ತಿಗೆ ಎತ್ತಬೇಡಿ.