ಚೋಮನ ಮೊಮ್ಮಗ ಯಾವ ಸಾಲಿನಲ್ಲಿ ಕೂರಬೇಕು?

ನಾಟಕ ನೋಡುವುದು ಉಳ್ಳವರ ಶೋಕಿ, ಹೋರಾಟದವರಿಗೆ ಅದೆಂಥದ್ದು ಎಂದು ನಮ್ಮಲ್ಲೇ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಬೀಡಿ ಕಟ್ಟಿದ ಕೈಗೂ ಚಪ್ಪಾಳೆ ತಟ್ಟುವ ಆಸೆ ಉಂಟು. ಮಂಗಳೂರಿನ ಪುರಭವನದಲ್ಲಿ, ಡಾನ್ ಬಾಸ್ಕೋ ಹಾಲಿನಲ್ಲಿ ತುಳು ನಾಟಕಕ್ಕೆ ಜನ ಕಿಕ್ಕಿರಿದು ಕೂತು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರಲ್ಲ, ಆ ನಗು ನಮಗೂ ಬೇಕು. ಕೊಂಕಣಿಯ ಮಾಂಡ್ ಸೊಭಾಣ್‌ನವರು 2002ರಿಂದ ತಿಂಗಳ ವೇದಿಕೆ ನಡೆಸಿಕೊಂಡು ಬಂದಿದ್ದಾರೆ. ಹೊಟ್ಟೆಕಿಚ್ಚಾಗುತ್ತದೆ ಮಾರಾಯ್ರೆ.

ಆದರೆ ಒಂದು ಲೆಕ್ಕ ಬಾಕಿ ಉಂಟು. ಆ ಪುರಭವನಕ್ಕಿರುವ ಹೆಸರು ಯಾರದು? ಕುದ್ಮುಲ್ ರಂಗರಾಯರದು. 1897ರಲ್ಲಿ ಇದೇ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಅಜ್ಜಂದಿರ ಕೈಗೆ ಸ್ಲೇಟು ಕೊಟ್ಟವರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಜಗ್ಗದವರು. ತನ್ನ ಹೆಣ ದಲಿತರ ಕೈಯಿಂದಲೇ ಮಣ್ಣಾಗಬೇಕೆಂದು ಹೇಳಿಟ್ಟು 1928ರಲ್ಲಿ ತೀರಿಕೊಂಡವರು. ಅಂಥವರ ಹೆಸರು ಬಾಗಿಲ ಮೇಲೆ. ಒಳಗೆ ಪರದೆ ಎದ್ದ ಮೇಲೆ ನಾವು ಯಾರು? ಮನೆಗೆಲಸದವ. ಕುಡುಕ. ಮೈಬಣ್ಣ ತೋರಿಸಿ ನಗಿಸುವ ಸರಕು.

ಕಲೆಗೆ ಜಾತಿ ಇಲ್ಲವಂತೆ! ಯಾರು ಹೇಳಿದ್ದು ಇವರಿಗೆ? ಕಂಬಳಕ್ಕೆ ಮೊದಲು ಕೊರಗರು ಡೋಲು ಬಾರಿಸಬೇಕಿತ್ತು, ಕೋಣಗಳಿಗಿಂತ ಮುಂಚೆ ಕೋಣಗಳ ಹಾಗೆ ಗದ್ದೆಯಲ್ಲಿ ಓಡಬೇಕಿತ್ತು. ಅದಕ್ಕೆ ಅಜಲು ಎಂದು ಹೆಸರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದೂ ಅಜಲೇ. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಡೋಲು ಬಾರಿಸುವ ಕೈಗೆ ಜಾತಿ ಇತ್ತು ಸ್ವಾಮಿ. ಕೂತು ಕೇಳಿದ ಕಿವಿಗೆ ಇರಲಿಲ್ಲವೇ?

ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಶಿವದೂತೆ ಗುಳಿಗೆ’ 2020ರಲ್ಲಿ ರಂಗಕ್ಕೆ ಬಂದು ನೂರಾರು ಪ್ರದರ್ಶನ ಕಂಡಿತು. ಬೆಳಕು, ಸದ್ದು, ಅಬ್ಬರ ಎಲ್ಲ ಸೈ. ನಾಟಕದ ಮೇಲೆ ನನಗೆ ತಕರಾರಿಲ್ಲ. ತಕರಾರು ಕುರ್ಚಿಯಲ್ಲಿ ಕೂತು ಗುಳಿಗನಿಗೆ ಕೈಮುಗಿದು, ಹೊರಗೆ ಬಂದು ಕೈಕೊಡವುವವರ ಮೇಲೆ. ದೈವಗಳಿಗೆ ಮೈಕೊಟ್ಟು ಬಂದವರು ನಲಿಕೆಯವರು, ಪರವರು, ಪಂಬದರು. ಅಣಿ ಕಟ್ಟಿರುವಷ್ಟು ಹೊತ್ತು ಗುತ್ತಿನ ಯಜಮಾನ ಎದುರು ನಿಂತು ಅಭಯ ಕೇಳುತ್ತಾನೆ. ಅಣಿ ಇಳಿಸಿದ ಮೇಲೆ ಅದೇ ಮನುಷ್ಯನಿಗೆ ಅಂಗಳದ ಮೂಲೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದು ದೇಶವೆಲ್ಲ ಹುಚ್ಚೆದ್ದಾಗ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಘೋಷಿಸಿತು. ಸಿನಿಮಾ ಬಾರದೆ ಇದ್ದಿದ್ದರೆ?

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಉಳಲು ಒಂದು ತುಂಡು ಭೂಮಿ ಸಿಗದೆ ಚೋಮ ದುಡಿ ಬಾರಿಸುತ್ತಾ ಸತ್ತ. ನೋಡಿದವರು ಕಣ್ಣೊರೆಸಿಕೊಂಡರು. ಸತ್ತ ಚೋಮ ಎಲ್ಲರಿಗೂ ಬೇಕು. ಅವನ ಮೊಮ್ಮಗ ಬಿ.ಎ. ಮುಗಿಸಿ ಪೇಟೆಯಲ್ಲಿ ಬಾಡಿಗೆ ರೂಮು ಕೇಳಿದರೆ “ನೀವು ಯಾವ ಜನ?” ಅನ್ನಿಸಿಕೊಳ್ಳುತ್ತಾನಲ್ಲ, ಆ ನಾಟಕ ಎಲ್ಲಿ? ಅದನ್ನು ಬರೆಯಬೇಕಾದವರು ನಾವೇ. ಸಿದ್ಧಲಿಂಗಯ್ಯ ‘ಪಂಚಮ’, ‘ಏಕಲವ್ಯ’ ಬರೆಯಲಿಲ್ಲವೇ? ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟಾಗ ಸಮುದಾಯದವರು ‘ಬೆಲ್ಚಿ’ಯನ್ನು ಬೀದಿಗೆ ತರಲಿಲ್ಲವೇ? ಬೀದಿಗೆ ಬಾಡಿಗೆ ಇಲ್ಲ, ಪರದೆ ಬೇಡ.

ಹಾಗಂತ ಪುರಭವನವನ್ನು ಅವರಿಗೇ ಬಿಟ್ಟುಕೊಟ್ಟು ಬೀದಿಯಲ್ಲೇ ಇರಬೇಕೆಂದು ನಾನು ಹೇಳುತ್ತಿಲ್ಲ. ಹಳ್ಳಿ ಶಾಲೆಯ ಮಾಸ್ಟ್ರುಗಳೇ, ವಾರ್ಷಿಕೋತ್ಸವದಲ್ಲಿ ಕಾಲೊನಿಯ ಹುಡುಗಿಗೆ ಚಾಮರ ಬೀಸುವ ಸಖಿಯ ಪಾತ್ರ ಕೊಟ್ಟದ್ದು ಸಾಕು. ಅವಳ ಅಮ್ಮ ಬೀಡಿ ಬ್ರಾಂಚಿನಲ್ಲಿ ಕೇಳಿಸಿಕೊಂಡದ್ದನ್ನು ಅವಳ ಬಾಯಲ್ಲಿ ಹೇಳಿಸಿ, ತುಳುವಿನಲ್ಲೇ. ವಿದ್ಯಾರ್ಥಿ ಗೆಳೆಯರೆ, ರಂಗರಾಯರ ಹೆಸರಿನ ಹಾಲಿನಲ್ಲಿ ವರ್ಷಕ್ಕೆ ನಾಲ್ಕು ದಿನ ದಲಿತ ತಂಡಗಳಿಗೆ ಪುಕ್ಕಟೆ ಬಿಡಿ ಎಂದು ನಗರಪಾಲಿಕೆಗೆ ಅರ್ಜಿ ಕೊಡೋಣ. ಆ ನಾಲ್ಕು ದಿನ ಆಟ ಸಂಜೆ ಐದಕ್ಕೇ ಶುರುವಾಗಬೇಕು, ನಮ್ಮ ಜನಕ್ಕೆ ಕಡೆಯ ಬಸ್ಸು ತಪ್ಪಬಾರದು ಎಂದೂ ಅದರಲ್ಲೇ ಬರೆಯೋಣ.